ಕೊನೆ ಹೇಳದ ದರ್ಜಿ

ಪ್ಯಾಂಟ್ ಹೊಲಿಸಲು ಬಂದವರ ತಲೆಗೆ ಒಂದು ಗ್ರಹವನ್ನೂ ಹೊರಿಸಿ ಕಳಿಸುವ ದರ್ಜಿ ಅವನು. ಸೊಂಟಕ್ಕೆ ಟೇಪು ಸುತ್ತುತ್ತಲೇ, "ಹೊಸ ವಿಜ್ಞಾನದ ಕಾದಂಬರಿ ಸಾರ್, ಚಂದ್ರನ ಮೇಲೆ ನೀರಿಗೆ ಜಗಳ. ಹೊಟ್ಟೆ ಒಳಗೆ ಎಳ್ಕೋಬೇಡಿ," ಎನ್ನುತ್ತಾನೆ. ಕತೆ ರಂಗೇರಿದರೆ ಅಳತೆ ತಪ್ಪುತ್ತದೆ. ಬೀದಿಯಲ್ಲಿ ಒಂದು ಕಾಲು ಗಿಡ್ಡವಾದ ಪ್ಯಾಂಟ್ ಕಂಡರೆ ಪುಸ್ತಕ ಚೆನ್ನಾಗಿತ್ತೆಂದೇ ಲೆಕ್ಕ. ಶನಿವಾರ ಸಂಜೆ ಪೋಸ್ಟ್‌ಮ್ಯಾನ್, ಹಲ್ಲಿನ ಡಾಕ್ಟರು, ಗಣಿತದ ಮೇಷ್ಟ್ರು ಅವನ ಅಂಗಡಿಯಲ್ಲಿ ಸೇರಿ ಪುಸ್ತಕ ಬದಲಿಸಿಕೊಂಡು ವಾದಕ್ಕೆ ಕೂರುತ್ತಾರೆ. ಓದದವರಿಗೆ ಅವನು ಎಲ್ಲವನ್ನೂ ಹೇಳುತ್ತಾನೆ, ಕೊನೆಯೊಂದನ್ನು ಬಿಟ್ಟು. ಮೂಲೆಯಲ್ಲಿ ಕೂತು ಗುಂಡಿಗೆ ಕಾಜಾ ಹೊಲಿಯುವ ಅಜ್ಜಿಗೆ ಅದೇ ಸಂಕಟ. ಅಕ್ಷರ ಕೂಡಿಸಿ ಕೂಡಿಸಿ ಓದುವವಳು, ಸಣ್ಣ ಅಚ್ಚು ಕಣ್ಣಿಗೆ ಹತ್ತದು. ಈ ಸಲದ ಕಾದಂಬರಿಯಲ್ಲಿ ಆಕಾಶದಲ್ಲಿ ದಾರಿ ತಪ್ಪಿದ ಹಡಗಿನವರು ಮನೆ ಸೇರಿದರೋ ಇಲ್ಲವೋ ಎಂಬ ಯೋಚನೆಯಲ್ಲಿ ವಾರವೆಲ್ಲ ಬೆರಳಿಗೆ ಸೂಜಿ ಚುಚ್ಚಿಕೊಂಡಳು. "ನನಗಾದ್ರೂ ಹೇಳಪ್ಪ, ಸರಿಯಾಗಿ ಓದೋಕೆ ಬರದವಳು." "ನಿಮಗೂ ಹೇಳಲ್ಲ ಅಜ್ಜಿ," ಎಂದ. ಅವಳ ಮುಖ ಸಣ್ಣದಾಯಿತು. ಮರುದಿನ ಬಂದರೆ ಅವಳ ಜಾಗದಲ್ಲಿ ಅಳತೆಯ ನಮೂನೆ ಕತ್ತರಿಸುವ ಕಂದು ಕಾಗದದ ಸುರುಳಿ. ಅದರ ತುಂಬ ಕೊನೆಯ ಅಧ್ಯಾಯ, ಕೋಟಿನ ಗುಂಡಿಯಷ್ಟು ದಪ್ಪ ಅಕ್ಷರಗಳಲ್ಲಿ, ಅವನದೇ ಕೈಬರಹ. ಓದಲು ಐದು ದಿನ ಹಿಡಿಯಿತು. ಬಾಯಲ್ಲಿ ಹೇಳಿ ಮುಗಿಸದೇ ಇದ್ದದ್ದಕ್ಕೆ ಅವಳು ಮನಸ್ಸಿನಲ್ಲೇ ಅವನಿಗೆ ಕೈಮುಗಿದಳು. ಶನಿವಾರ ವಾದ ಜೋರಾಗಿದ್ದಾಗ ಸೂಜಿ ಕೆಳಗಿಟ್ಟು, "ಆ ಹಡಗಿನ ಕ್ಯಾಪ್ಟನ್ ಕೊನೇಲಿ ಮಾಡಿದ್ದು ನನಗೇನೋ ಸರಿ ಕಾಣ್ಲಿಲ್ಲ," ಎಂದಳು. ಮೇಷ್ಟ್ರು ಸ್ಟೂಲನ್ನು ಅವಳ ಕಡೆಗೆ ತಿರುಗಿಸಿಕೊಂಡು, "ಯಾಕೆ ಹಾಗಂತೀರಿ?" ಎಂದು ಕೇಳಿದರು.