ಎಣ್ಣೆ ಕುಡಿದ ಪಚ್ಚೆ

ಬಿರುಕಿಲ್ಲದ ಪಚ್ಚೆ ಸಿಗುವುದು ಬಲು ಅಪರೂಪ. ಮಾರುವವರಿಗೆಲ್ಲ ಇದು ಗೊತ್ತು, ಕೊಳ್ಳುವವರಿಗೆ ನಾವು ಹೇಳುವುದಿಲ್ಲ. ನೆಲದೊಳಗೆ ಹುಟ್ಟುವಾಗಲೇ ಅದು ಒಳಗೊಳಗೆ ಸೀಳಿಕೊಂಡಿರುತ್ತದೆ. ಬೆಚ್ಚಗಿನ ಎಣ್ಣೆಯಲ್ಲಿ ನೆನೆಹಾಕಿದರೆ ಎಣ್ಣೆ ಆ ಸೀಳುಗಳಿಗೆ ಇಳಿದು ಕೂರುತ್ತದೆ, ಕಲ್ಲು ಇಡಿಯಾಗಿ ಕಾಣುತ್ತದೆ, ಹಸಿರು ತುಂಬಿಕೊಳ್ಳುತ್ತದೆ. ಜೋರಾಪುರ ಪೇಟೆಯ ನಮ್ಮ ಅಂಗಡಿಯಲ್ಲಿ ಅಜ್ಜ ಇದನ್ನು ಮಾಡಿದ, ಅಪ್ಪ ಮಾಡಿದ, ನಾನೂ ಮಾಡುತ್ತೇನೆ. ಇದೇನು ನಮ್ಮ ಮನೆಯ ಗುಟ್ಟಲ್ಲ. ಪಚ್ಚೆ ಎಲ್ಲೆಲ್ಲಿ ಮಾರಾಟವಾಗುತ್ತದೋ ಅಲ್ಲೆಲ್ಲ ಈ ಪದ್ಧತಿ ಇದೆ.

ಕೊಳ್ಳುವವರಿಂದ ಇದನ್ನು ಮುಚ್ಚಲು ನಮ್ಮ ಹತ್ತಿರ ಕತೆಗಳಿದ್ದವು. ಸತ್ತ ಬಲಾಸುರನ ಪಿತ್ತವನ್ನು ವಾಸುಕಿ ಹೊತ್ತು ಹೋಗುವಾಗ ಗರುಡ ಅಡ್ಡ ಬಂದ, ಪಿತ್ತ ಬೆಟ್ಟದ ಮೇಲೆ ಬಿದ್ದು ಪಚ್ಚೆಯಾಯಿತು ಎಂದು ಅಪ್ಪ ಹೇಳುತ್ತಿದ್ದ. ಹಾವು ಅದನ್ನು ನೋಡಿದರೆ ಕುರುಡಾಗುತ್ತದಂತೆ. ಈಜಿಪ್ಟಿನ ಮರಳುಗಾಡಿನಲ್ಲಿ ಸಾವಿರಾರು ವರ್ಷ ಹಿಂದೆಯೇ ಅದನ್ನು ಅಗೆಯುತ್ತಿದ್ದರು. ಆಮೇಲೆ ಕಡಲಾಚೆಯ ಅಮೆರಿಕದ ಗಣಿಗಳಿಂದ ಇನ್ನೂ ದೊಡ್ಡ ಕಲ್ಲುಗಳು ಬಂದವು. ಗೋವೆಯ ಬಂದರಿನಲ್ಲಿ ಇಳಿದು, ಘಟ್ಟ ಹತ್ತಿ, ನಮ್ಮ ಊರಿನ ಸುಲ್ತಾನರ ತಲೆಯ ಪೇಟದವರೆಗೂ ಬಂದಿದ್ದವು ಎಂದು ಅಜ್ಜ ತಾನೇ ಹೊತ್ತು ತಂದವನಂತೆ ವರ್ಣಿಸುತ್ತಿದ್ದ. ಈಗ ನನಗೆ ಜೈಪುರದ ದಲ್ಲಾಳಿ ಆಫ್ರಿಕಾದ ಕಲ್ಲು ತಂದುಕೊಡುತ್ತಾನೆ. ಅವನೇ ಒಂದು ಕತೆಯನ್ನೂ ಕೊಟ್ಟುಹೋದ: ಪಚ್ಚೆ ಸುಳ್ಳನ್ನು ತಾಳುವುದಿಲ್ಲ, ತೊಟ್ಟವರು ನಂಬಿಕೆ ಕೆಡಿಸಿದರೆ ತಾನಾಗಿ ಸೀಳುತ್ತದೆ. ಈ ಕತೆಯಿಂದ ವ್ಯಾಪಾರ ಚೆನ್ನಾಗಿ ಕುದುರುತ್ತಿತ್ತು. ನಾನು ಅದನ್ನು ಬಾಯಿ ತುಂಬ ಹೇಳುತ್ತಿದ್ದೆ.

ತಿಕೋಟಾದಿಂದ ದ್ರಾಕ್ಷಿ ತೋಟದ ಮನೆಯ ಹೆಂಗಸೊಬ್ಬರು ಹೊಸ ಸೊಸೆಯನ್ನು ಕರೆದುಕೊಂಡು ಬಂದಾಗಲೂ ಹೇಳಿದೆ.

“ಸಾವ್ಕಾರ್ರ, ಈಕಿ ಮೇ ತಿಂಗಳದಾಗ ಹುಟ್ಯಾಳ. ಹಸಿರು ಕಲ್ಲ ಹಾಕ್ಬೇಕಂತ ಮಗಾ ಮೊಬೈಲ್‌ನ್ಯಾಗ ನೋಡ್ಯಾನ. ನಮ್ಮ ಜೋಯಿಸರೂ ಬುಧನ ಬಲ ಕಮ್ಮಿ ಐತಿ ಅಂದಾರ್ರಿ,” ಎಂದರು ಆಕೆ.

ಒಳ್ಳೆಯ ಕಲ್ಲನ್ನೇ ಕೊಟ್ಟೆ. ಕಿರುಬೆರಳಿಗೆ ಉಂಗುರ ಕೂರಿಸಿ, ಸುಳ್ಳಿನ ಕತೆಯನ್ನೂ ಜೊತೆಗೆ ಕಟ್ಟಿಕೊಟ್ಟೆ. ಅತ್ತೆ ಸೊಸೆಯನ್ನು ನೋಡಿ ನಕ್ಕರು. ಹುಡುಗಿಯೂ ನಕ್ಕಳು. ಬಿಸಿ ನೀರು, ಸೋಪು ತಾಗಿಸಬೇಡಿ ಎಂದು ಎಚ್ಚರಿಸಬೇಕಿತ್ತು. ಹಾಗೆ ಹೇಳಿದರೆ ಯಾಕೆ ಎಂದು ಕೇಳುತ್ತಾರೆ, ಎಣ್ಣೆಯ ವಿಷಯ ಬರುತ್ತದೆ. ಅದಕ್ಕೇ ಸುಮ್ಮನಿದ್ದೆ.

ದ್ರಾಕ್ಷಿ ಸುಗ್ಗಿ ಮುಗಿಯುವ ಹೊತ್ತಿಗೆ ಅತ್ತೆ ಸೊಸೆ ಮತ್ತೆ ಬಂದರು. ಈ ಸಲ ನಗು ಇರಲಿಲ್ಲ. ಬಬಲೇಶ್ವರದ ಗಿರಾಕಿಯೊಬ್ಬರು ಮಗಳ ಮದುವೆಗೆ ಒಡವೆ ನೋಡುತ್ತ ಕೂತಿದ್ದರು. ಅವರ ಎದುರಿಗೇ ಅತ್ತೆ ಸೊಸೆಯ ಕೈಹಿಡಿದು ಮುಂದೆ ಎಳೆದರು.

“ನೋಡ್ರಿ, ಕಲ್ಲ ಸೀಳೇತಿ. ನೀವ ಹೇಳಿದ್ರೆಲಾ, ಸುಳ್ಳ ತಾಳಂಗಿಲ್ಲ ಅಂತ. ಈಕಿ ಏನ್ ಮುಚ್ಚಿಟ್ಟಾಳೋ, ಕೇಳಿದ್ರ ಬಾಯಿ ಬಿಡವಲ್ಲಳು.”

“ನಾ ಏನೂ ಮುಚ್ಚಿಟ್ಟಿಲ್ಲರಿ ಅತ್ತಿ,” ಎಂದಳು ಹುಡುಗಿ.

ಉಂಗುರ ತೆಗೆದುಕೊಂಡೆ. ಕಲ್ಲು ಬೆಳ್ಳಗಾಗಿತ್ತು, ಒಳಗಿನ ಗೆರೆಗಳೆಲ್ಲ ಮೇಲೆ ಬಂದಿದ್ದವು. ಕಲ್ಲು ಕೂರಿಸಿದ ಕಟ್ಟಿನ ಸಂದಿಯಲ್ಲಿ ಬಿಳಿ ಪುಡಿ ಕೂತಿತ್ತು. ಮೂಸಿ ನೋಡಿದೆ. ದ್ರಾಕ್ಷಿ ಒಣಹಾಕುವ ಮೊದಲು ಗೊಂಚಲುಗಳನ್ನು ಅದ್ದುವ ನೀರಿನ ವಾಸನೆ ಅದು. ಕ್ಷಾರದ ಪುಡಿ, ಎಣ್ಣೆ ಕಲಸಿದ ಆ ನೀರು ಹಣ್ಣಿನ ಸಿಪ್ಪೆಯ ಮೇಲಿನ ಮೇಣ ಬಿಡಿಸುತ್ತದೆ. ಈ ಹುಡುಗಿ ಸುಗ್ಗಿಯಿಡೀ ಆಳುಗಳ ಜೊತೆ ಅದರಲ್ಲಿ ಕೈಯಾಡಿಸಿದ್ದಾಳೆ. ಹಣ್ಣಿನ ಮೇಣವನ್ನೇ ಬಿಡದ ನೀರು ನನ್ನ ಎಣ್ಣೆಯನ್ನು ಬಿಟ್ಟೀತೇ? ಅವಳ ಬೆರಳುಗಳೂ ಸುಲಿದುಹೋಗಿದ್ದವು. ಆ ಗಳಿಗೆಯಲ್ಲೇ ನನಗೆ ಎಲ್ಲ ತಿಳಿಯಿತು.

ಹೇಳಲು ಬಾಯಿ ತೆರೆದೆ. ಬಬಲೇಶ್ವರದವರು ಕೈಯಲ್ಲಿದ್ದ ಒಡವೆ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. ಸಂಜೆಯೊಳಗೆ ಪೇಟೆಗೆಲ್ಲ ಸುದ್ದಿಯಾಗುತ್ತದೆ, ಮೂರು ತಲೆಮಾರಿನ ಅಂಗಡಿಯ ಹೆಸರು ಹೋಗುತ್ತದೆ ಎಂದು ಹೆದರಿದೆ.

“ಬಿಟ್ಟ ಹೋಗ್ರಿ ಅಕ್ಕಾರ. ಎಂಟ ದಿವಸದಾಗ ನೋಡಿ ಹೇಳ್ತೇನಿ,” ಎಂದೆ.

ಎಂಟು ದಿನ ಆ ಉಂಗುರ ನನ್ನ ಗಲ್ಲಾಪೆಟ್ಟಿಗೆಯಲ್ಲಿತ್ತು. ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ನಾನು ಅಂಜುಬುರುಕ, ಅಷ್ಟೇ. ಒಂಬತ್ತನೆಯ ದಿನ ಅವಳ ಗಂಡ ಒಬ್ಬನೇ ಬಂದ. ಹುಡುಗಿ ಎಲ್ಲಿ ಎಂದು ಕೇಳಿದೆ.

“ಅವತ್ತ ಕನಮಡಿಗೆ, ತವರಮನಿಗೆ ಕಳಿಸ್ಯಾಳ್ರಿ ಅವ್ವ. ಖರೇ ಹೇಳೂತನಕ ಬರಬ್ಯಾಡ ಅಂದಾಳ.”

ಅವನ ಮೋಟರ್‌ಸೈಕಲ್ಲಿನಲ್ಲೇ ಕೂತು ತಿಕೋಟಾಕ್ಕೆ ಹೋದೆ. ಒಣದ್ರಾಕ್ಷಿ ಆರಿಸುತ್ತಿದ್ದ ಹೆಂಗಸರ ಮುಂದೆಯೇ ಅತ್ತೆಗೆ ಎಲ್ಲ ಹೇಳಿದೆ. ಬಿರುಕು ಮೊದಲಿನಿಂದಲೂ ಇತ್ತು, ಎಣ್ಣೆ ತುಂಬಿದವನು ನಾನು, ತೊಳೆದದ್ದು ನಿಮ್ಮ ದ್ರಾಕ್ಷಿ ಅದ್ದುವ ತೊಟ್ಟಿಯ ನೀರು ಎಂದೆ.

“ಮತ್ತ ನೀವು ಹೇಳಿದ ಕತಿ?”

“ಅದು ಕಲ್ಲ ಮಾರಾಕ ಹೇಳೂ ಮಾತರಿ ಅಕ್ಕಾರ.”

ಆಕೆ ಬೈಯಲಿಲ್ಲ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು. “ಯಪ್ಪಾ, ಆ ಹುಡಿಗಿಗಿ ಎಂಥೆಂಥಾ ಮಾತ ಅಂದೆನಲ್ಲೋ,” ಎಂದು ಮಗನಿಗೆ ಹೇಳಿ, ಹೋಗಿ ಕರೆದುಕೊಂಡು ಬಾ ಎಂದರು. ಅವನ ಜೊತೆ ನಾನೂ ಹೊರಟೆ.

ಕನಮಡಿಯಲ್ಲಿ ಹುಡುಗಿ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಅವಳ ಅಪ್ಪ ಕಟ್ಟೆಯ ಮೇಲೆ ಅವಳಿಗೆ ಬೆನ್ನು ಮಾಡಿ ಕೂತಿದ್ದ. ನಾನು ನಿಂತುಕೊಂಡೇ ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ. ತಪ್ಪಾಯಿತು ತಂಗಿ ಎಂದೆ. ಅವಳು ಮೊರ ಕೆಳಗಿಟ್ಟಳು.

“ಅಂಗಡ್ಯಾಗ ನೀವು ಉಂಗರ ಮೂಸಿ ನೋಡಿದ್ರಿ, ಆಮ್ಯಾಲ ನನ್ನ ಮಾರಿ ನೋಡಿದ್ರಿ. ನಿಮಗ ತಿಳದೈತಿ ಅಂತ ನನಗ ಅವಾಗ ಗೊತ್ತಾತ್ರಿ ಕಾಕಾ. ಈಗ ಹೇಳ್ತಾರ, ಈಗ ಹೇಳ್ತಾರ ಅಂತ ನಿಂತಿದ್ದೆ.” ದನಿ ಏರಲಿಲ್ಲ. “ಎಂಟ ದಿವಸಾತು, ನಮ್ಮಪ್ಪ ನನ್ನ ಕೂಡ ಮಾತಾಡಿಲ್ಲ.”

ಅವಳಪ್ಪ ಕಟ್ಟೆಯಿಂದ ಇಳಿದು ನನ್ನ ಮುಂದೆ ಬಂದು ನಿಂತ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿ ಎಂದೂ ಅನಿಸಿತು. ಅವನು ಅಳುತ್ತಿದ್ದ. ಮಗಳ ಕಡೆ ತಿರುಗುವ ಧೈರ್ಯ ಸಾಲದೆ ನನ್ನ ಎದುರಿಗೇ ನಿಂತು ಅಳುತ್ತಿದ್ದ.