ಹರಿದ ಜೇಬಿನ ಕೋಟು

ನಾವು ಗಂಡ ಹೆಂಡತಿ ಬೇಟೆ ಶುರು ಮಾಡಿದ್ದು ಶೌರ್ಯಕ್ಕಲ್ಲ, ಸಿಟ್ಟಿಗೆ. ಮನೆ ಹಿಂದೆ ಚಪ್ಪರ ಹಾಕಿ ಬೆಳೆಸಿದ ಅವರೆ ಬಳ್ಳಿಯನ್ನು ಜಿಂಕೆಗಳು ಪ್ರತಿ ಬೇಸಿಗೆ ಬುಡದ ತನಕ ಮೇಯ್ದು ಹೋಗುತ್ತಿದ್ದವು. ಒಂದು ವರ್ಷ ನನ್ನ ಗಂಡ ಆಫೀಸಿನ ಗೆಳೆಯನ ಹತ್ತಿರ ಕ್ರಾಸ್‌ಬೋ, ಅಂದರೆ ಕುದುರೆ ಒತ್ತಿ ಬಾಣ ಬಿಡುವ ಬಿಲ್ಲು, ಹಿಡಿಯುವುದನ್ನು ಕಲಿತು ಬಂದರು. ನಾನು ಅವರಿಂದ ಕಲಿತೆ. ರಾಬಿನ್ಸ್‌ವಿಲ್‌ನ ಗೋದಾಮುಗಳ ಹಿಂದೆ ಒಬ್ಬ ರೈತನ ಸೋಯಾ ಹೊಲ, ಹೊಲದ ಅಂಚಿಗೆ ಒಂದು ಚೂರು ಕಾಡು. ಅವನ ಒಪ್ಪಿಗೆ ಪಡೆದು ಎರಡು ಓಕ್ ಮರಗಳಿಗೆ ಏಣಿ ಬಿಗಿದು, ಮೇಲೆ ಒಂದೊಂದು ಸೀಟು ಕಟ್ಟಿದೆವು. ಮುಂದಿನದು ಅವರದು. ಅದರ ಎಡಕ್ಕೆ, ಸ್ವಲ್ಪ ಹಿಂದೆ ನನ್ನದು.

ಬೇಟೆ ಅಂದರೆ ಬಹುಪಾಲು ಸುಮ್ಮನೆ ಕೂರುವುದು. ಹಾಗಾಗಿ ಆ ಕಾಡಿನಲ್ಲಿ ನಾನು ಜಿಂಕೆಗಿಂತ ಹೆಚ್ಚಾಗಿ ನೋಡಿದ್ದು ನನ್ನ ಗಂಡನನ್ನು. ಅವರ ಕೋಟಿನ ಬಲಜೇಬು ಒಳಗೆ ಹರಿದಿತ್ತು. ಕೈ ಹಾಕಿದರೆ ಅಸ್ತರಿನೊಳಕ್ಕೆ ಇಳಿದು ತಣ್ಣನೆ ಗಾಳಿಗೆ ಸಿಗುತ್ತಿತ್ತು. ಹೊಲಿದುಕೊಡುತ್ತೇನೆ ಎಂದರೆ ಬೇಟೆಯ ಸೀಸನ್ ಮುಗಿಯಲಿ ಎನ್ನುವರು. ಸೀಸನ್ ಮುಗಿದ ಮೇಲೆ ಇಬ್ಬರಿಗೂ ಮರೆತುಹೋಗುವುದು. ಅದಕ್ಕೇ ಅವರು ಎಡಗೈಯನ್ನು ಜೇಬಿನಲ್ಲಿಟ್ಟು, ಬಲಗೈಯನ್ನು ಎಡ ಕಂಕುಳಿಗೆ ಸಿಕ್ಕಿಸಿಕೊಂಡು, ಬಲ ಭುಜ ಕುಗ್ಗಿಸಿ ಕೂರುತ್ತಿದ್ದರು. ಮೇಷ್ಟ್ರ ಹತ್ತಿರ ಬೈಸಿಕೊಂಡ ಹುಡುಗನ ಹಾಗೆ ಕಾಣುತ್ತೀರಿ ಎಂದು ರೇಗಿಸುತ್ತಿದ್ದೆ.

ಅವರು ತೀರಿಹೋದದ್ದು ಕಾಡಿನಲ್ಲಲ್ಲ. ಒಂದು ಮಂಗಳವಾರ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಬಾಗಿಲು ತೆರೆದು ಹತ್ತುವ ಮುಂಚೆಯೇ. ಆಮೇಲೆ ಅವರ ಅಂಗಿಗಳಿಗೆಲ್ಲ ಮೂಗು ಒತ್ತಿ ಒತ್ತಿ ಇದ್ದ ವಾಸನೆಯನ್ನು ನಾನೇ ಖರ್ಚು ಮಾಡಿಬಿಟ್ಟೆ. ಕೊನೆಗೆ ಉಳಿದದ್ದು ಬೇಟೆಯ ಕೋಟು. ಅದರಲ್ಲಿ ಅವರು ಇರಲೇ ಇಲ್ಲ. ಮನುಷ್ಯರ ವಾಸನೆ ಹತ್ತಿದರೆ ಜಿಂಕೆ ಹತ್ತಿರ ಸುಳಿಯುವುದಿಲ್ಲ ಎಂದು ಅದನ್ನು ಯಾವ ಪರಿಮಳವೂ ಇಲ್ಲದ ಸೋಪಿನಲ್ಲಿ ಒಗೆದು, ಓಕ್ ಎಲೆಗಳ ಜೊತೆ ದೊಡ್ಡ ಪ್ಲಾಸ್ಟಿಕ್ ಡಬ್ಬದಲ್ಲಿ ಮುಚ್ಚಿಡುತ್ತಿದ್ದರು. ಎಲೆಗಳನ್ನು ಆರಿಸಿ ತಂದವರೂ ಅವರೇ. ಮುಚ್ಚಳ ತೆಗೆದರೆ ಒಣಗಿದ ಎಲೆ, ಮಣ್ಣು, ಅಷ್ಟೇ. ಮತ್ತೆ ಮುಚ್ಚಿಟ್ಟೆ. ಎರಡು ಸೀಸನ್ ಆ ಕಡೆ ತಲೆ ಹಾಕಲಿಲ್ಲ.

ಆಗ ಬೇಟೆ ಕಲಿಸಿ ಎಂದು ಬಂದಳು ಈ ಹುಡುಗಿ. ಮೆಟುಚೆನ್‌ನಲ್ಲಿರುವ ನಮ್ಮ ಪರಿಚಯದವರ ಮಗಳು, ಇಲ್ಲೇ ಹುಟ್ಟಿದವಳು, ದಿನಾ ಟ್ರೈನಿನಲ್ಲಿ ಮ್ಯಾನ್‌ಹ್ಯಾಟನ್‌ಗೆ ಕೆಲಸಕ್ಕೆ ಹೋಗಿಬರುತ್ತಾಳೆ. ಈರುಳ್ಳಿಯನ್ನೂ ವಾರ ನೋಡಿ ತಿನ್ನುವ ಮೈಸೂರಿನ ಮನೆತನ. ಇವಳು ಕಾಲೇಜಿನಲ್ಲಿ ಮಾಂಸ ತಿನ್ನಲು ಕಲಿತಿದ್ದಳು. ತಿನ್ನುವವರು ಕೊಲ್ಲುವ ಹೊಣೆಯನ್ನೂ ಹೊರಬೇಕು ಎಂದು ಇಂಗ್ಲಿಷಿನಲ್ಲಿ ದೊಡ್ಡ ಭಾಷಣ ಬಿಗಿದಳು. ಬೇಟೆಯ ಕೋರ್ಸು ಮುಗಿಸಿ ಲೈಸೆನ್ಸೂ ತೆಗೆದುಕೊಂಡಿದ್ದಾಳಂತೆ, ಸಾಮಾನು ಮಾತ್ರ ಇಲ್ಲವಂತೆ. ಇಂಥ ಭಾಷಣ ಕೇಳಿದರೆ ನನಗೆ ಮೈ ಉರಿಯುತ್ತದೆ. ಮನೆಯಲ್ಲಿ ಹೇಳಿದ್ದೀಯಾ ಎಂದೆ. ಹೇಳಿದ್ದೇನೆ, ಅಂದಿನಿಂದ ಅಮ್ಮ ಮಾತು ಬಿಟ್ಟಿದ್ದಾರೆ ಎಂದಳು. ಅದನ್ನು ಹೇಳುವಾಗ ಭಾಷಣದ ದನಿ ಇರಲಿಲ್ಲ. ಒಪ್ಪಿಕೊಂಡೆ.

ಅವರ ಕ್ರಾಸ್‌ಬೋ ಕೊಟ್ಟೆ. ಮರದಿಂದ ಬೀಳದ ಹಾಗೆ ಕಟ್ಟಿಕೊಳ್ಳುವ ಹಾರ್ನೆಸ್ ಕೊಟ್ಟೆ. ಅದರ ಪಟ್ಟಿಯ ಮೇಲೆ ಅವರ ಸೊಂಟದ ಅಳತೆ ಮಡಿಕೆಯಾಗಿ ನಿಂತಿತ್ತು, ಅದನ್ನು ದಾಟಿಸಿ ಬಿಗಿ ಮಾಡಿದೆ. ನಾಲ್ಕು ವಾರಾಂತ್ಯ ಹಿತ್ತಲಿನಲ್ಲಿ ಗುರಿ ಹಿಡಿಸಿದೆ. ಕೋಟು ಕೊಡುವ ಯೋಚನೆ ನನಗಿರಲಿಲ್ಲ. ಆದರೆ ಕಾಡಿಗೆ ಹೊರಡುವ ದಿನ ಅವಳು ತೊಟ್ಟು ಬಂದ ಜಾಕೆಟ್ ಕೈ ಅಲ್ಲಾಡಿಸಿದರೆ ಸಾಕು, ಹಪ್ಪಳ ಮುರಿದಂತೆ ಸದ್ದು ಮಾಡುತ್ತಿತ್ತು. ಬೈದುಕೊಂಡೇ ಡಬ್ಬ ತೆಗೆದೆ.

ಬೆಳಕು ಹರಿಯುವ ಮುಂಚೆ ಅವಳನ್ನು ಮುಂದಿನ ಮರಕ್ಕೆ ಹತ್ತಿಸಿ ನಾನು ನನ್ನ ಸೀಟಿನಲ್ಲಿ ಕೂತೆ. ಗೋದಾಮಿನ ಕಡೆ ಲಾರಿಯೊಂದು ಪೀಂ ಪೀಂ ಎಂದು ರಿವರ್ಸ್ ಹೋಗುತ್ತಿತ್ತು. ಆಕಾಶ ಬೂದಿ ಬಣ್ಣಕ್ಕೆ ತಿರುಗಿದಾಗ ಮುಂದೆ ನೋಡಿದೆ. ಅವರು ಕೂತಿದ್ದರು. ಬಲಗೈ ಕಂಕುಳಲ್ಲಿ, ಭುಜ ಕುಗ್ಗಿ, ಟೋಪಿ ಕಿವಿಯವರೆಗೆ ಎಳೆದು. ಜೇಬು ಹರಿದ ಕೋಟು ಹಾಕಿಕೊಂಡವರು ಯಾರಾದರೂ ಹಾಗೆಯೇ ಕೂರಬೇಕು, ಬೇರೆ ದಾರಿಯಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಉಸಿರು ಬಿಡಲು ಹೆದರಿದೆ, ಎಲ್ಲಿ ತಿರುಗಿಬಿಡುತ್ತಾರೋ ಎಂದು. ಬಿಸಿಲು ಬಂದು ಅವಳ ಮುಖ ಕಾಣುವವರೆಗೆ ನಾನು ಸುಖವಾಗಿದ್ದೆ. ಆ ಸುಖಕ್ಕೆ ನಾಚಿಕೆಯೂ ಆಯಿತು.

ಆಮೇಲೆ ಶನಿವಾರಕ್ಕೆ ಕಾಯತೊಡಗಿದೆ. ಕೋಟು ನನ್ನ ಹತ್ತಿರವೇ ಇರಲಿ, ವಾಸನೆ ಅಂಟೀತು ಎಂದು ಹೇಳಿ ಪ್ರತಿ ಸಲ ಡಬ್ಬಕ್ಕೆ ಹಾಕಿ ಮುಚ್ಚುತ್ತಿದ್ದೆ. ಹೊತ್ತಿಗೆ ಮುಂಚೆ ಹೊರಡಿಸುತ್ತಿದ್ದೆ, ಅರೆಬೆಳಕು ಹೆಚ್ಚು ಹೊತ್ತು ಸಿಗಲಿ ಎಂದು. ಪಾಪ, ಅವಳು ಅದನ್ನೂ ಬೇಟೆಯ ಶಿಸ್ತು ಎಂದುಕೊಂಡಿರಬೇಕು.

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಹೆಣ್ಣು ಜಿಂಕೆಯೊಂದು ಹೊಲದಂಚಿಗೆ ಬಂತು. ಕಂಕುಳಿನಿಂದ ಕೈ ಮೆಲ್ಲಗೆ ಹೊರಬಂದು ಕ್ರಾಸ್‌ಬೋ ಎತ್ತಿತು. ಆ ಕೈ ಅಲ್ಲಿಂದ ಎದ್ದದ್ದಕ್ಕೆ ನನಗೆ ಸಿಟ್ಟು ಬಂತು, ನಿಜವಾಗಿ. ಅವಳು ಚೆನ್ನಾಗಿ ಹೊಡೆದಳು. ಜಿಂಕೆ ದೂರ ಓಡದೆ ಮುಳ್ಳುಪೊದೆಯ ಪಕ್ಕ ಬಿದ್ದಿತ್ತು. ಭಾಷಣವೆಲ್ಲ ಎಲ್ಲಿ ಹೋಯಿತೋ, ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ತುಂಬಾ ಹೊತ್ತು ಕೂತಳು. ಅತ್ತಳು. ಆಮೇಲೆ ನಾನು ತೋರಿಸಿದ ಹಾಗೆ ಹೊಟ್ಟೆ ಸೀಳಿ ಕರುಳು ತೆಗೆದಳು. ನಡುವೆ ನಿಲ್ಲಿಸಲಿಲ್ಲ. ಕೋಟಿನ ತೋಳು ಮೊಣಕೈವರೆಗೆ ರಕ್ತ. ತಾನೇ ಒಗೆದು ಕೊಡುತ್ತೇನೆ ಎಂದು ಹಟ ಹಿಡಿದು ಡಬ್ಬವನ್ನೂ ಸೋಪನ್ನೂ ಒಯ್ದಳು.

ವಾರ ಕಳೆದು ಡಬ್ಬ ವಾಪಸು ತಂದವರು ಅವಳ ತಾಯಿ. ಬಾಗಿಲಲ್ಲೇ ನಿಂತು ಹೇಳಿದರು.

"ಅವಳು ಒಗೀತೀನಿ ಅಂದ್ಲು, ನಾನೇ ಇಸ್ಕೊಂಡು ಒಗೆದೆ. ಆ ರಕ್ತ ನೋಡಿ ಎರಡು ದಿನ ನಂಗೆ ಊಟ ಸೇರ್ಲಿಲ್ಲ. ಆದ್ರೂ ಇನ್ನೊಬ್ರ ಮನೆ ಬಟ್ಟೆ, ಹಾಗೇ ಕೊಡಕ್ಕಾಗತ್ತಾ? ಬಲಗಡೆ ಜೇಬು ಹರಿದಿತ್ತು, ಅದನ್ನೂ ಹೊಲಿದಿದೀನಿ."

ಡಬ್ಬದ ತಳದಲ್ಲಿದ್ದ ಒಣಎಲೆಯ ಕಸವನ್ನೆಲ್ಲ ಎಸೆದು ತೊಳೆದರಂತೆ. ಖಾಲಿ ಡಬ್ಬ ಕೊಡಬಾರದೆಂದು ಕೋಡುಬಳೆ ಮಾಡಿ ತುಂಬಿದ್ದರು. ಮಗಳ ಜೊತೆ ಮಾತು ಶುರುವಾಗಿದೆ ಎಂದು ಅವರ ಮುಖವೇ ಹೇಳುತ್ತಿತ್ತು. ಥ್ಯಾಂಕ್ಸ್ ಎಂದೆ.

ಆ ತಾಯಿ ಹೋದ ಮೇಲೆ ಕೋಟಿನ ಜೇಬಿಗೆ ಕೈ ಹಾಕಿದೆ. ಬೆರಳು ತಳ ಮುಟ್ಟಿ ನಿಂತಿತು. ಒತ್ತೊತ್ತಾಗಿ ಹಾಕಿದ ಸಣ್ಣ ಹೊಲಿಗೆ. ಕೋಟಿಗೆ ಲ್ಯಾವೆಂಡರ್ ಡಿಟರ್ಜೆಂಟಿನ ಘಮ, ಡಬ್ಬಕ್ಕೆ ಇಂಗಿನ ಘಮ. ನನ್ನ ಸಂಕಟಕ್ಕೆ ಕತ್ತರಿ ಕೈಗೆ ತೆಗೆದುಕೊಂಡೆ, ಹೊಲಿಗೆ ಬಿಚ್ಚಿಬಿಡೋಣ ಎಂದು. ಮುಟ್ಟಬಾರದ ರಕ್ತವನ್ನು ಉಜ್ಜಿ ತೊಳೆದ ಹೆಂಗಸಿನ ಹೊಲಿಗೆ ಅದು. ಕತ್ತರಿ ಕೆಳಗಿಟ್ಟೆ.

ಶನಿವಾರ ಬಾ ಎಂದು ಹುಡುಗಿಗೆ ಫೋನ್ ಮಾಡಿದೆ. ಆ ಘಮಕ್ಕೆ ಇಡೀ ಸೀಮೆಯ ಜಿಂಕೆಗಳು ಊರು ಬಿಡಬೇಕು. ನನಗೂ ಗೊತ್ತಿತ್ತು, ನಾನೇ ಕಲಿಸಿದ್ದರಿಂದ ಅವಳಿಗೂ ಗೊತ್ತಿತ್ತು. ಆದರೂ ಇಬ್ಬರೂ ಮರ ಹತ್ತಿದೆವು.

ಬೂದಿ ಬೆಳಕಾಯಿತು. ಜೇಬು ಗಟ್ಟಿಯಾಗಿದೆ, ಇವತ್ತು ಅವರು ಬರುವುದಿಲ್ಲ ಎಂದು ಮನಸ್ಸನ್ನು ಬಿಗಿ ಮಾಡಿಕೊಂಡೇ ನೋಡಿದೆ. ಬಲಗೈ ಕಂಕುಳಲ್ಲಿತ್ತು. ಭುಜ ಕುಗ್ಗಿತ್ತು. ಆ ಕಾಡಿನಲ್ಲಿ ಇಷ್ಟು ವರ್ಷದಲ್ಲಿ ಒಮ್ಮೆಯೂ ದನಿಯೆತ್ತದವಳು ಕೂಗಿ ಕೇಳಿದೆ, ಜೇಬು ಹೊಲಿದಾಗಿದೆಯಲ್ಲ, ಯಾಕೆ ಹಾಗೆ ಕೂತಿದ್ದೀಯ ಎಂದು.

ಅವಳು ತಿರುಗಿದಳು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಅಂದು ಕನ್ನಡದಲ್ಲಿ ಹೇಳಿದಳು.

"ನಾನು ಹೀಗೆ ಕೂತ್ರೇನೇ ಅಲ್ವಾ ಆಂಟಿ, ನೀವು ನನ್ನ ಕಡೆ ನೋಡೋದು?"



"ಕೈನ ಜೇಬಲ್ಲಿ ಇಟ್ಕೋ ಪುಟ್ಟ," ಎಂದೆ. "ಚಳಿ."

ಅವಳು ಇಟ್ಟುಕೊಂಡಳು. ಕುಗ್ಗಿದ ಭುಜ ನೆಟ್ಟಗಾಯಿತು. ನನ್ನ ಗಂಡ ಎದ್ದುಹೋದರು. ಅವರ ಸೀಟಿನಲ್ಲಿ ಮೂಗು ಕೆಂಪಾದ ಒಬ್ಬ ಹುಡುಗಿ, ದೊಡ್ಡ ಕೋಟಿನೊಳಗೆ, ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ಕೂತಿದ್ದಳು. ಬಿಸಿಲೇರುವವರೆಗೆ ನಾನು ಅವಳನ್ನೇ ನೋಡಿದೆ.