ಮಾರಾಟವಾದ ಬೆಂಕಿ

ಎದಿರಿನ್ ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ; ನಾನು ಅಕ್ಕ ಎಂದೇ ಕರೆಯುವುದು. ಅವಳು ನಮ್ಮೂರು ಉವೇರಿಗೆ ಸೊಸೆಯಾಗಿ ಬರುವ ಹೊತ್ತಿಗೇ ಊರಂಚಿನಲ್ಲಿ ಗ್ಯಾಸಿನ ಬೆಂಕಿ ಉರಿಯುತ್ತಿತ್ತು. ಎಣ್ಣೆಬಾವಿಯಿಂದ ಕಚ್ಚಾ ಎಣ್ಣೆಯ ಜೊತೆ ಮೇಲೆ ಬರುವ ಗ್ಯಾಸನ್ನು ಹಿಡಿದಿಡುವ ಖರ್ಚು ಯಾಕೆಂದು ವಿದೇಶಿ ಕಂಪನಿ ಅದನ್ನು ಅಲ್ಲೇ ಸುಡುತ್ತಿತ್ತು. ಹಗಲು ರಾತ್ರಿ ಭೋರೆನ್ನುವ ಸದ್ದು. ಉವೇರಿಯವರು ಮಾತಾಡಿದರೆ ಜಗಳವಾಡಿದಂತಿರುತ್ತದೆ ಎಂದು ವಾರ್ರಿ ಪೇಟೆಯವರು ಆಡಿಕೊಳ್ಳುತ್ತಾರೆ. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ಹಾಗಾಗಿದೆ.

ಅಕ್ಕನ ಹೊಟ್ಟೆ ತುಂಬುತ್ತಿದ್ದುದೂ ಅದೇ ಬೆಂಕಿಯಿಂದ. ಮರಗೆಣಸು ತುರಿದು, ಹುಳಿ ಬರಿಸಿ, ನೀರು ಹಿಂಡಿ, ಸಣ್ಣ ಉಂಡೆಗಳಾಗಿ ಮಾಡಿ, ಬೆಂಕಿಯ ಸುತ್ತಲಿನ ಮಣ್ಣಿನ ದಿಬ್ಬದ ಮೇಲೆ ಚಾಪೆ ಹಾಸಿ ಒಣಗಿಸಿ ಪೇಟೆಗೆ ಮಾರುತ್ತಿದ್ದಳು. ಮಳೆಗಾಲದಲ್ಲಿ ಅದು ಗಟ್ಟಿಯಾಗಿ ಒಣಗುವುದು ಅಲ್ಲಿ ಮಾತ್ರ. ಊರಿನ ಅರ್ಧ ಹೆಂಗಸರು ಅಲ್ಲೇ ಇರುತ್ತಿದ್ದರು. ಎಲ್ಲರ ಕಣ್ಣೂ ಕೆಂಪು, ಎಲ್ಲರಿಗೂ ಕೆಮ್ಮು. ಕುಡಿಯುವ ಬಾವಿನೀರಿನ ಮೇಲೆ ಎಣ್ಣೆಯ ಪೊರೆ, ಸೂರಿನ ತಗಡು ಕೆಲವೇ ವರ್ಷಕ್ಕೆ ತುಕ್ಕು ತಿಂದು ಜರಡಿ. ಅಕ್ಕನ ಗಂಡ, ನನ್ನ ಭಾವ ಒನೊರಿಯೋದೆ ಉಸಿರು ಕಟ್ಟಿ ತೀರಿಕೊಂಡಾಗ, ಇದು ಬೆಂಕಿಯಿಂದಲೇ ಆದದ್ದು ಎಂದು ಬರೆದುಕೊಡಲು ವೈದ್ಯರು ಒಪ್ಪಲಿಲ್ಲ.

ಅಂದಿನಿಂದ ಅಕ್ಕ ಕೂತಲ್ಲಿ ಕೂರುವವಳಲ್ಲ. ಊಟದ ನಡುವೆ ಎದ್ದು ಅಂಗಳಕ್ಕೆ ಹೋಗುವಳು, ಗುಡಿಸಿದ್ದನ್ನೇ ಗುಡಿಸುವಳು. ಏನಾಯಿತೆಂದು ಕೇಳಿದರೆ ಏನಿಲ್ಲ ಎನ್ನುವಳು.

ಹೀಗಿರುವಾಗ ಒಂದು ದಿನ ಬೆಂಕಿ ಆರಿತು. ಕಂಪನಿ ನಮ್ಮ ಕಡೆಯ ಎಣ್ಣೆಬಾವಿಗಳನ್ನೆಲ್ಲ ನಮ್ಮ ದೇಶದ್ದೇ ಒಂದು ಹೊಸ ಕಂಪನಿಗೆ ಮಾರಿ ಹೊರಡುತ್ತಿದೆಯೆಂದು ಊರ ಮುಖ್ಯಸ್ಥ ಉಮುಕೊರೊ ಸುದ್ದಿ ತಂದ. ಆ ಸಂಜೆ ಎಷ್ಟೋ ವರ್ಷಗಳ ಮೇಲೆ ಊರಿಗೆ ಕತ್ತಲಾಯಿತು. ಕಪ್ಪೆ ಕೂಗಿದ್ದು ಕಿವಿಗೆ ಬಿತ್ತು. ಎಷ್ಟೋ ಮಂದಿಗೆ ನಿದ್ದೆ ಹತ್ತಲಿಲ್ಲ.

ಕೆಲವೇ ವಾರಗಳಲ್ಲಿ ಅಕ್ಕನ ಕೆಮ್ಮು ಇಳಿಯಿತು. ಆದರೆ ಮಳೆ ಹಿಡಿದು ಉಂಡೆಗಳಿಗೆಲ್ಲ ಬೂಷ್ಟು ಬಂತು. ಬುಟ್ಟಿಗಟ್ಟಲೆ ಹಂದಿಗೆ ಸುರಿದಳು. ಪೇಟೆಯ ಗಿರಾಕಿಗಳು ಬೇರೆಯವರನ್ನು ಹುಡುಕಿಕೊಂಡರು.

"ಉರಿದ್ರೆ ಕೆಮ್ಮಿ ಸಾಯ್ಬೇಕು, ಆರಿದ್ರೆ ಉಪವಾಸ ಸಾಯ್ಬೇಕು," ಎಂದಳು ಖಾಲಿ ಬುಟ್ಟಿ ತೊಳೆಯುತ್ತ. "ಇದನ್ನ ಯಾರ ಹತ್ರ ಹೇಳ್ಲಿ, ತಂಗಿ?"

ಹಳೆ ಕಂಪನಿಯವರು ಬೀಳ್ಕೊಡುಗೆಗೆ ಶಾಮಿಯಾನ ಹಾಕಿಸಿದರು. ಲಾಗೋಸಿನಿಂದ ಬಂದ ಅಧಿಕಾರಿ ನಮ್ಮ ಸ್ನೇಹವನ್ನು ಹೊಗಳಿ ಮಾತಾಡಿದ. ಅನ್ನ, ಕೋಳಿ ಹಂಚಿದರು, ಕಂಪನಿಯ ಹೆಸರಿದ್ದ ಕೊಡೆ ಹಂಚಿದರು. ಅಕ್ಕನ ಸರದಿ ಬಂದಾಗ ಅವಳು ಮುಂದೆ ಹೋಗದೆ ಆ ಅಧಿಕಾರಿಯೆದುರು ನಿಂತುಬಿಟ್ಟಳು.

"ಸಾರ್, ಬಾವಿ ಮಾರಿದ್ರಿ, ಪೈಪು ಮಾರಿದ್ರಿ. ನನ್ನ ಕೆಮ್ಮನ್ನ ಯಾರಿಗೆ ಮಾರಿದ್ರಿ?"

ಹಿಂದಿದ್ದ ಹೆಂಗಸರು ನಕ್ಕರು. ಅವನೂ ನಕ್ಕ.

"ಅಮ್ಮಾ, ಇನ್ಮೇಲೆ ಏನಿದ್ರೂ ಹೊಸಬರನ್ನೇ ಕೇಳ್ಬೇಕು."

"ಅವ್ರು ಹಳೇದೆಲ್ಲ ನಿಮ್ಮದು ಅಂತಾರೆ."

ಉಮುಕೊರೊ ನಡುವೆ ಬಂದ. ಅವನಿಗೆ ಹೊಸಬರಿಂದ ಕಾವಲಿನ ಗುತ್ತಿಗೆ ಬೇಕಿತ್ತು. "ಅತ್ತಿಗೆ, ಊರಿನ ಮರ್ಯಾದೆ ಇದೆ, ಬಾಯಿ ಸ್ವಲ್ಪ ಬಿಗಿ ಹಿಡೀರಿ," ಎಂದ.

"ಬಿಗಿ ಹಿಡಿದ್ರೆ ಕೆಮ್ಮು ಬರುತ್ತಪ್ಪಾ," ಎಂದು ಅವಳು ಕೊಡೆ ಇಸಿದುಕೊಂಡು ಬಂದಳು. ಅದನ್ನೇಕೆ ತಂದೆ ಎಂದು ಕೇಳಿದ್ದಕ್ಕೆ, ಮಳೆಯೇನು ಅವನದೇ ಎಂದಳು.

ಹೊಸ ಕಂಪನಿ ಬಂದು ಬೆಂಕಿಯನ್ನು ಮತ್ತೆ ಹೊತ್ತಿಸಿತು. ಹೆಂಗಸರು ಹಾಡುತ್ತ ಚಾಪೆ ಹೊತ್ತು ಓಡಿದರು, ನಾನೂ ಓಡಿದೆ. ಅಕ್ಕನೂ ಬಂದು ಉಂಡೆ ಹರಡಿದಳು. ಸ್ವಲ್ಪ ಹೊತ್ತಿಗೆ ಕೆಮ್ಮು ಶುರುವಾಗಿ ಮುದುಡಿ ಕೂತಳು. ಆಮೇಲೆ ಎದ್ದು, ಅರ್ಧ ಒಣಗಿದ್ದನ್ನೇ ಬುಟ್ಟಿಗೆ ತುಂಬಿ, ಯಾರಿಗೂ ಹೇಳದೆ ಹೊರಟುಹೋದಳು.

ಮರುದಿನ ಬಿಸಿಲಿತ್ತು. ಕಂಪನಿಯ ಗೇಟಿನ ಮುಂದಿನ ಡಾಂಬರು ರಸ್ತೆಗೆ ಅಡ್ಡಲಾಗಿ ಅವಳು ಚಾಪೆ ಹಾಸಿದ್ದಳು. ಲಾರಿಗಳು ಸಾಲುಗಟ್ಟಿ ನಿಂತು ಹಾರನ್ನು ಬಜಾಯಿಸುತ್ತಿದ್ದವು. ಅವಳು ಒಂದೊಂದೇ ಉಂಡೆ ಮಗುಚಿ ಹಾಕುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ನನ್ನ ಚಾಪೆ ಹಾಸಿದೆ. ಮಧ್ಯಾಹ್ನದ ಹೊತ್ತಿಗೆ ರಸ್ತೆ ತುಂಬ ಚಾಪೆ.

ಬಂದೂಕಿನ ಕಾವಲುಗಾರರು ಬಂದರು. ಅವರಲ್ಲಿ ಇಬ್ಬರು ನಮ್ಮೂರಿನ ಅಳಿಯಂದಿರೇ ಆದ್ದರಿಂದ ತಲೆ ತಗ್ಗಿಸಿ ನಿಂತರು. ಕೊನೆಗೆ ಹೊಸ ಕಂಪನಿಯ ಮ್ಯಾನೇಜರು ಬಂದು, ಬೆಂಕಿ ಬೇಕೋ ಬೇಡವೋ ಒಂದನ್ನು ಹೇಳಿ ಎಂದು ರೇಗಿದ.

"ಬೆಂಕಿ ಬೇಡ," ಎಂದಳು ಅಕ್ಕ. "ಒಣಗಿಸೋಕೆ ಒಲೆ ಬೇಕು, ಕುಡಿಯೋಕೆ ನೀರು ಬೇಕು."

ಮಾತುಕತೆ ತಿಂಗಳುಗಟ್ಟಲೆ ನಡೆಯಿತು. ಗೇಟಿನಿಂದ ದೂರಕ್ಕೆ ಒಂದು ಶೆಡ್ಡು ಕಟ್ಟಿಸಿಕೊಟ್ಟರು. ಅದರ ಒಲೆ ಚೆನ್ನಾಗಿದೆ, ಆದರೆ ಎಲ್ಲರ ಸರಕಿಗೆ ಸಾಲದು. ಹಾಗಾಗಿ ಕೆಲವರು ಇನ್ನೂ ದಿಬ್ಬಕ್ಕೇ ಹೋಗುತ್ತಾರೆ. ನೀರು ಪರೀಕ್ಷೆಗೆಂದು ಸೀಸೆ ತುಂಬಿಕೊಂಡು ಹೋದವರು ತಿರುಗಿ ಬಂದಿಲ್ಲ. ಹಳೆ ಕಂಪನಿಯ ಮೇಲೆ ಅವರ ದೇಶದಲ್ಲೇ ದಾವೆ ಹೂಡಬಹುದು ಎಂದು ವಕೀಲೆಯೊಬ್ಬಳು ಬಂದು ಅಕ್ಕನ ಮಾತನ್ನೆಲ್ಲ ರೆಕಾರ್ಡು ಮಾಡಿಕೊಂಡು ಹೋಗಿದ್ದಾಳೆ.

ಬೆಂಕಿ ಉರಿಯುತ್ತಲೇ ಇದೆ. ಅಕ್ಕ ಬೆಳಿಗ್ಗೆ ಶೆಡ್ಡಿನಲ್ಲಿ ದುಡಿದು ಸಂಜೆ ಗೇಟಿಗೆ ಹೋಗಿ ನೀರಿನ ಸುದ್ದಿ ಕೇಳಿ ಬರುತ್ತಾಳೆ. ಅವಳು ಬಂದರೆ ಕಾವಲಿನವರು ಕುರ್ಚಿ ಕೊಡುತ್ತಾರೆ. ಅವಳು ಕೂರುವುದಿಲ್ಲ.